ಸೆಕೆಂಡ್ ಹ್ಯಾಂಡ್ ವ್ಯಾಗನ್‌ಆರ್: ಬೆಂಗಳೂರಿಗೆ 1.0 ಇಂಜಿನ್ ಸಾಕಾ, 1.2 ಬೇಕಾ?

ಬನಶಂಕರಿ_ವಾಸಿ:
ನಮಸ್ಕಾರ. 2019–21ರ ಮಾಡೆಲ್ ವ್ಯಾಗನ್‌ಆರ್ ಹುಡುಕ್ತಿದೀನಿ. ಪೆಟ್ರೋಲ್, ಮ್ಯಾನ್ಯುಯಲ್, ಬಜೆಟ್ ನಾಲ್ಕೂವರೆ ಲಕ್ಷ. ದಿನಾ ಸಿಲ್ಕ್ ಬೋರ್ಡ್ ದಾಟಿ ಮಾರತಹಳ್ಳಿಗೆ ಹೋಗಿಬರಬೇಕು. ಆಗಾಗ ಮನೆಯವರೆಲ್ಲ ಸೇರಿ ಧರ್ಮಸ್ಥಳಕ್ಕೆ, ಶಿರಾಡಿ ಘಾಟಿ ಮೇಲೆ. ಹೆಚ್ಚುಕಡಿಮೆ ಒಂದೇ ಬೆಲೆಗೆ ಎರಡು ಗಾಡಿ ಇವೆ: 1.0 ಓಡಿರೋದು 38,000 ಕಿ.ಮೀ., 1.2 ಓಡಿರೋದು 61,000. ಕಮ್ಮಿ ಓಡಿರೋದನ್ನೇ ತಗೊಳ್ಳೋದು ಸರೀನಾ? ಗ್ರ್ಯಾಂಡ್ ಐ10 ಕೂಡ ನೋಡಬಹುದಾ?

ಟಾರ್ಕ್_ರಾವ್:
ಸರ್, ಮೊದಲು ಇಂಜಿನ್ ವಿಷಯ. 1.0 ಅಂದರೆ ಕೆ10ಬಿ, ಮೂರು ಸಿಲಿಂಡರ್, 998 ಸಿಸಿ, 68 ಪಿಎಸ್ (ಶಕ್ತಿ), 90 ಎನ್‌ಎಂ (ಟಾರ್ಕ್, ಅಂದರೆ ಎಳೆಯುವ ಬಲ). 1.2 ನಾಲ್ಕು ಸಿಲಿಂಡರ್, 1197 ಸಿಸಿ, 83 ಪಿಎಸ್, 113 ಎನ್‌ಎಂ. ಎರಡಕ್ಕೂ ಟೈಮಿಂಗ್ ಚೈನ್ (ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡೋ ಸರಪಳಿ). ಗಾಡಿಯ ತೂಕದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ, ಆದರೆ ಟಾರ್ಕ್ ಕಾಲು ಭಾಗ ಹೆಚ್ಚು.

ಇನ್ನೊಂದನ್ನು ಶೋರೂಂನಲ್ಲಿ ಯಾರೂ ಹೇಳೋದಿಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಟರ್ಬೊ ಇಲ್ಲದ ಇಂಜಿನ್ ಪ್ರತಿ 100 ಮೀಟರ್‌ಗೆ ಶೇ 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಯಾಕಂದರೆ ಗಾಳಿಯೇ ತೆಳು. ಹಾಗಾಗಿ ಇಲ್ಲಿ 68 ಪಿಎಸ್ ಅಂದರೆ ಹತ್ತಿರ ಹತ್ತಿರ 62. ಒಬ್ಬರೇ ಸಿಲ್ಕ್ ಬೋರ್ಡ್‌ನಲ್ಲಿ ತೆವಳೋದಕ್ಕೆ ಅದು ಧಾರಾಳ. ಐದು ಜನ, ಲಗೇಜು, ಎಸಿ ಹಾಕಿಕೊಂಡು ಶಿರಾಡಿ ಹತ್ತುವಾಗ ಮಾತ್ರ 1.0ನಲ್ಲಿ ಎರಡನೇ ಗೇರ್‌ಗೆ ಇಳಿಯಲೇಬೇಕಾಗುತ್ತೆ, ಲಾರಿ ಓವರ್‌ಟೇಕ್ ಮಾಡೋಕೆ ಧೈರ್ಯ ಬರಲ್ಲ. ಮೈಲೇಜ್ ಲೆಕ್ಕಕ್ಕೆ 1.0 ಹಿಡಿಯಬೇಡಿ. ಬಿಎಸ್6 ಮಾಡೆಲ್‌ಗಳಿಗೆ ಕಂಪನಿ ಕೊಟ್ಟ ಅಂಕಿಯೇ 21.79 ಮತ್ತು 20.52, ವ್ಯತ್ಯಾಸ ಲೀಟರ್‌ಗೆ ಒಂದೂಕಾಲು ಕಿ.ಮೀ. ಅಷ್ಟೇ.

ನಿಮ್ಮ ಬಳಕೆಗೆ 1.2. ಗ್ರ್ಯಾಂಡ್ ಐ10ನ 1.2 ಕಪ್ಪಾ ಕೂಡ ಇದೇ ವರ್ಗದ್ದು, 83 ಪಿಎಸ್, ಚೈನ್, ನಯವಾದ ಇಂಜಿನ್. ಹಳೇ ಐ10ನ 1.1 ಇಂಜಿನ್‌ಗೆ ಮಾತ್ರ ಟೈಮಿಂಗ್ ಬೆಲ್ಟ್. ಬೆಲ್ಟ್ ಬದಲಿಸಿದ ಬಿಲ್ ಇಲ್ಲದಿದ್ದರೆ ಆ ಖರ್ಚನ್ನು ಬೆಲೆಯಲ್ಲೇ ಮುರಿದುಕೊಳ್ಳಿ.

ಸ್ಪ್ಯಾನರ್_ಪಾಟೀಲ:
ಮೇಲಿನವರು ಹೇಳಿದ್ದು ಸರಿ, ಆದರೆ ಕಿ.ಮೀ. ನೋಡಿ ಮೋಸ ಹೋಗಬೇಡಿ. ಇಂಜಿನ್ ಸವೆಯೋದು ಓಡಿದ ಗಂಟೆಗಳಲ್ಲಿ. ಸಿಟಿಯಲ್ಲಿ ಸರಾಸರಿ 15 ಕಿ.ಮೀ. ವೇಗದಲ್ಲಿ 38,000 ಕಿ.ಮೀ. ಓಡಿದರೆ 2,500 ಗಂಟೆ. ಹೈವೇ ಸೇರಿ ಸರಾಸರಿ 40ರಲ್ಲಿ 61,000 ಓಡಿದರೆ 1,500 ಗಂಟೆ. ಎರಡನೆಯದು ಕಡಿಮೆ ದಣಿದ ಇಂಜಿನ್ ಆಗಿರಬಹುದು. ಕ್ಲಚ್ ಪೆಡಲ್ ರಬ್ಬರ್ ಎಷ್ಟು ಸವೆದಿದೆ ನೋಡಿ, ಆಯಿಲ್ ಬದಲಿಸಿದ ತಾರೀಖುಗಳನ್ನು ಕೇಳಿ. ಟ್ರಾಫಿಕ್ ಗಾಡಿಗೆ ವರ್ಷಕ್ಕೊಮ್ಮೆಯಾದರೂ ಆಯಿಲ್ ಬದಲಾಗಿರಲೇಬೇಕು, ಎಷ್ಟೇ ಕಮ್ಮಿ ಓಡಿರಲಿ.

ಪರೀಕ್ಷೆ ಹೀಗೆ. ಗಾಡಿ ತಣ್ಣಗಿರುವಾಗಲೇ ಹೋಗಿ, ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಇನ್ನೊಂದು ದಿನ ಬರ್ತೀನಿ ಅನ್ನಿ. ಸ್ಟಾರ್ಟ್ ಮಾಡಿದಾಗ ಕ್ಷಣಮಾತ್ರ ಚೈನ್ ಸದ್ದು ಬಂದು ನಿಂತರೆ ಪರವಾಗಿಲ್ಲ. ಮೂರ್ನಾಲ್ಕು ಸೆಕೆಂಡ್ ಗರಗರ ಅಂದರೆ ಟೆನ್ಷನರ್ (ಚೈನ್ ಬಿಗಿ ಹಿಡಿಯೋ ಭಾಗ) ಅಥವಾ ಚೈನ್ ಹೋಗಿದೆ. ನೀಲಿ ಹೊಗೆ ಬಂದರೆ ಆಯಿಲ್ ಉರೀತಿದೆ ಅಂತ. ಆಯಿಲ್ ಕ್ಯಾಪ್ ಒಳಗೆ ತೆಳು ಕೆನೆ ಇದ್ದರೆ ಅದು ಕಡಿಮೆ ದೂರ ಓಡಿಸಿದ ಗಾಡಿಯ ತೇವ ಇರಬಹುದು. ಅದೇ ಕೆನೆ ಡಿಪ್‌ಸ್ಟಿಕ್ ಮೇಲೂ ಇದ್ದರೆ ಹೆಡ್ ಗ್ಯಾಸ್ಕೆಟ್ (ಆಯಿಲ್, ಕೂಲಂಟ್ ಬೆರೆಯದಂತೆ ತಡೆಯೋ ಇಂಜಿನ್ ಸೀಲ್) ಮೇಲೆ ಅನುಮಾನ ಪಡಿ.

ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಗಾಳಿ ಎಷ್ಟು ಒತ್ತಡಕ್ಕೆ ಅದುಮಿಕೊಳ್ಳುತ್ತೆ ಅನ್ನೋ ಅಳತೆ. ಇಂಜಿನ್ ಬಿಸಿ ಮಾಡಿ, ಇಂಧನ ಪಂಪಿನ ಫ್ಯೂಸ್ ತೆಗೆದು, ಇಗ್ನಿಷನ್ ಕಾಯಿಲ್ ಕನೆಕ್ಟರ್ ಬಿಚ್ಚಿ, ಎಲ್ಲಾ ಪ್ಲಗ್ ಹೊರಗೆ ತೆಗೆಸಿ. ಥ್ರಾಟಲ್ ಪೂರ್ತಿ ತೆರೆದು ಪ್ರತಿ ಸಿಲಿಂಡರ್‌ಗೂ ಗೇಜ್ ಹಾಕಿ ಐದಾರು ಸುತ್ತು ಕ್ರ್ಯಾಂಕ್ ಮಾಡಿಸಿ. ಬೆಂಗಳೂರಿನ ಎತ್ತರದಿಂದ ಇಲ್ಲಿ ಗೇಜ್ ಕಂಪನಿ ಕೈಪಿಡಿಯ ಅಂಕಿಗಿಂತ ಶೇ 10ರಷ್ಟು ಕಡಿಮೆಯೇ ತೋರಿಸುತ್ತೆ, ಗಾಬರಿ ಬೇಡ. ನೋಡಬೇಕಾದ್ದು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ. ಶೇ 10 ದಾಟಿದರೆ ಎಚ್ಚರ. ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಇಂಜಿನ್ ಬೋರ್‌ಗೆ (ಬಿಚ್ಚಿ ಸಿಲಿಂಡರ್ ರಿಪೇರಿ ಮಾಡೋ ಹಂತಕ್ಕೆ) ಬಂದಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ತೆಗೆದ ಪ್ಲಗ್‌ಗಳನ್ನೂ ಸಾಲಾಗಿ ಇಟ್ಟು ನೋಡಿ: ತೆಳು ಕಂದು ಒಳ್ಳೇದು, ಕಪ್ಪಗೆ ಜಿಡ್ಡಾಗಿದ್ದರೆ ಆ ಸಿಲಿಂಡರ್ ಆಯಿಲ್ ಕುಡೀತಿದೆ.

ಬನಶಂಕರಿ_ವಾಸಿ:
ತುಂಬಾ ಉಪಕಾರ ಆಯ್ತು. 1.0 ಗಾಡಿಯ ಆರ್‌ಸಿಯಲ್ಲಿ ಪೆಟ್ರೋಲ್/ಸಿಎನ್‌ಜಿ ಅಂತಿದೆ, ಆದರೆ ಡಿಕ್ಕಿಯಲ್ಲಿ ಗ್ಯಾಸ್ ಸಿಲಿಂಡರ್ ಇಲ್ಲ. ಕಿಟ್ ತೆಗೆಸಿದೀವಿ, ಈಗ ಪಕ್ಕಾ ಪೆಟ್ರೋಲ್ ಅಂತಾರೆ.

ವಾಲ್ವ್_ಲೋಕ:
ಇದನ್ನು ಹಗುರವಾಗಿ ತಗೋಬೇಡಿ. ಗ್ಯಾಸ್ ಒಣ ಇಂಧನ. ಪೆಟ್ರೋಲ್ ಒಳಬರುವಾಗ ವಾಲ್ವ್‌ಗಳಿಗೆ ಸಿಗುವ ತಂಪು ಇದರಲ್ಲಿ ಇಲ್ಲ, ಅದಕ್ಕೇ ಎಕ್ಸಾಸ್ಟ್ ವಾಲ್ವ್ ಸೀಟ್ (ಹೊಗೆ ಬಿಡೋ ವಾಲ್ವ್ ಕೂರುವ ಜಾಗ) ಬೇಗ ತಗ್ಗುತ್ತದೆ. ಸೀಟ್ ತಗ್ಗಿದಂತೆ ವಾಲ್ವ್ ಮೇಲೇರಿ ಕ್ಲಿಯರೆನ್ಸ್ (ವಾಲ್ವ್ ಮೇಲೆ ಬಿಡಬೇಕಾದ ಸಣ್ಣ ಸಂದು) ಕಿರಿದಾಗುತ್ತೆ. ಕ್ಲಿಯರೆನ್ಸ್ ಹೆಚ್ಚಾದರೆ ಟಕ್ ಟಕ್ ಸದ್ದಾದರೂ ಬರುತ್ತೆ, ಕಿರಿದಾದರೆ ಸದ್ದೇ ಇಲ್ಲದೆ ವಾಲ್ವ್ ಸುಡುತ್ತೆ. ಅದಕ್ಕೇ ಇಂಜಿನ್ ಸದ್ದಿಲ್ಲದೆ ನಡೆಯುತ್ತೆ ಅನ್ನೋ ಮಾತೊಂದನ್ನೇ ನಂಬಿ ಕೊಳ್ಳಬೇಡಿ, ಕಂಪ್ರೆಷನ್ ನೋಡಲೇಬೇಕು. ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ಗ್ಯಾಸ್ ನಾಝಲ್‌ಗೆ ಕೊರೆದ ರಂಧ್ರಗಳನ್ನು ಹೇಗೆ ಮುಚ್ಚಿದ್ದಾರೆ ನೋಡಿ. ಎಂ-ಸೀಲ್ ಮೆತ್ತಿದ್ದರೆ ಅಲ್ಲಿಂದ ಗಾಳಿ ಸೋರಿ ಐಡಲಿಂಗ್ ಏರುಪೇರಾಗುತ್ತೆ. ಒಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್ ಓದೋ ಸಾಧನ) ಹಾಕಿದರೆ ಫ್ಯೂಯಲ್ ಟ್ರಿಮ್, ಅಂದರೆ ಕಂಪ್ಯೂಟರ್ ಮಾಡೋ ಇಂಧನದ ಹೊಂದಾಣಿಕೆ, ಶೇ +10 ದಾಟಿರುತ್ತೆ, ಗಾಳಿಗೆ ತಕ್ಕಷ್ಟು ಇಂಧನ ಇಲ್ಲ ಅನ್ನೋ ಪಿ0171 ಕೋಡ್ ಕೂಡ ಬರಬಹುದು. ಕೋಡ್ ಒಂದೂ ಇಲ್ಲ ಅಂತ ಖುಷಿಪಡುವ ಮೊದಲು ಸ್ಕ್ಯಾನರ್‌ನಲ್ಲೇ ರೆಡಿನೆಸ್ ಮಾನಿಟರ್ (ಗಾಡಿಯ ಸ್ವಯಂ ಪರೀಕ್ಷೆಗಳು ಮುಗಿದಿವೆಯಾ ಅಂತ ತೋರಿಸೋ ಪಟ್ಟಿ) ನೋಡಿ. ಅವು ಅಪೂರ್ಣ ಅಂತಿದ್ದರೆ ಯಾರೋ ಇತ್ತೀಚೆಗೆ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ.

ಆರ್‌ಸಿಯಲ್ಲಿ ಇಂಧನ ಬದಲಾವಣೆ ಆಗದೆ ಮುಂಗಡ ಕೊಡಬೇಡಿ. ನನ್ನ ಕೇಳಿದರೆ ಆ 1.0 ಬಿಟ್ಟುಬಿಡಿ.

ಟಾರ್ಕ್_ರಾವ್:
ಹೌದು, ಬಿಡಿ. 1.2ನಲ್ಲಿ ಕೂಲಂಟ್ ಒಂದು ನೋಡಿಕೊಳ್ಳಿ. ನಮ್ಮಲ್ಲಿ ಬೋರ್‌ವೆಲ್ ನೀರು ಸುರಿಯೋ ಅಭ್ಯಾಸ ಜಾಸ್ತಿ. ಆ ಗಡಸು ನೀರಿನ ಸುಣ್ಣ ರೇಡಿಯೇಟರ್‌ನಲ್ಲಿ ಕಟ್ಟುತ್ತೆ. ಕೂಲಂಟ್ ಟ್ಯಾಂಕ್‌ನಲ್ಲಿ ಬಣ್ಣ ಇರಬೇಕು, ತುಕ್ಕಿನ ಕೆಸರು ಇರಬಾರದು. ಎಸಿ ಹಾಕಿ ಇಪ್ಪತ್ತು ನಿಮಿಷ ನಿಂತಲ್ಲೇ ಓಡಿಸಿ. ಸ್ಕ್ಯಾನರ್‌ನಲ್ಲಿ ಉಷ್ಣಾಂಶ 100 ಡಿಗ್ರಿ ಆಸುಪಾಸಿನಲ್ಲೇ ನಿಂತು, ಫ್ಯಾನ್ ತಿರುಗಿದಾಗ ಇಳಿಯಬೇಕು. ಏರುತ್ತಲೇ ಹೋದರೆ ಆ ಗಾಡಿಯೂ ಬೇಡ. ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ, ಫಾರಂ 35 (ಆರ್‌ಸಿಯಿಂದ ಸಾಲದ ನಮೂದು ತೆಗೆಸೋ ಅರ್ಜಿ) ಕೈಗೆ ಬಂದ ಮೇಲೆಯೇ ಪೂರ್ತಿ ದುಡ್ಡು ಕೊಡಿ.