ನಾಬ್ ತಿರುಗಿಸುವ ಮುಂಚೆ ನೋಟ್‌ಬುಕ್ ತೆಗಿ: ಎಂಬ್ರಾಯ್ಡರಿ ಮೆಷಿನ್‌ನಲ್ಲಿ ದಾರ ಕಟ್ ಆಗುವವರಿಗೆ

ಅರಸೀಕೆರೆಯಿಂದ ಪ್ರಶ್ನೆ

ಅಕ್ಕ, ಅಣ್ಣಂದಿರೇ, ಒಂದು ಸಹಾಯ ಬೇಕು. ನಾಲ್ಕು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಎಂಬ್ರಾಯ್ಡರಿ ಮೆಷಿನ್ ತಗೊಂಡೆ. ಸಿಂಗಲ್ ಹೆಡ್, 15 ಸೂಜಿ. ಮೊದಲು ಚೆನ್ನಾಗೇ ಓಡಿತು. ಈಗ ಹದಿನೈದು ದಿನದಿಂದ ದಾರ ಕಟ್ ಆಗುತ್ತಲೇ ಇದೆ. ಕೆಲವು ಸಲ ಬಟ್ಟೆಯ ಅಡಿಗೆ ದಾರ ಗೂಡು ಕಟ್ಟುತ್ತದೆ. ನಾಬ್ ತಿರುಗಿಸಿ ಟೆನ್ಷನ್ (ದಾರದ ಬಿಗಿ) ಜಾಸ್ತಿ ಮಾಡಿದೆ, ಸಡಿಲ ಮಾಡಿದೆ. ಮೊದಲು ಎಲ್ಲಿತ್ತು ಅನ್ನುವುದೇ ಈಗ ಮರೆತುಹೋಗಿದೆ. ಒಂದು ಮದುವೆಯ ಆರು ಬ್ಲೌಸ್ ಕೈಯಲ್ಲಿವೆ. ಎಲ್ಲಿಂದ ಶುರು ಮಾಡಲಿ?

ಹಾಸನದಿಂದ

ತಂಗಿ, ಮೊದಲು ಆ ನಾಬ್ ಮೇಲಿಂದ ಕೈ ತೆಗಿ. ನಾನೂ ಮೊದಲ ವರ್ಷ ಇದನ್ನೇ ಮಾಡಿದ್ದೆ. ಹಾಸನಾಂಬೆ ಬಾಗಿಲು ತೆರೆದ ವಾರ, ದೀಪಾವಳಿ ಹತ್ತಿರ, ಅಂಗಡಿ ತುಂಬ ಬ್ಲೌಸ್. ದಾರ ಕಟ್ ಆದಾಗೆಲ್ಲ ನಾಬ್ ತಿರುಗಿಸಿದೆ. ಬೆಳಿಗ್ಗೆ ಒಂದು ಸೂಜಿಗೆ ಇದ್ದ ತೊಂದರೆ ಸಂಜೆ ಹೊತ್ತಿಗೆ ಹದಿನೈದು ಸೂಜಿಗೂ ಬಂತು.

ಒಂದು ನೋಟ್‌ಬುಕ್ ಇಟ್ಟುಕೋ. ದಾರ ಕಟ್ ಆದಾಗೆಲ್ಲ ಮೂರು ವಿಷಯ ಬರಿ. ಯಾವ ನಂಬರಿನ ಸೂಜಿ, ಡಿಸೈನಿನ ಯಾವ ಜಾಗ, ಕಟ್ ಆದ ತುದಿ ಹೇಗಿದೆ. ಅರ್ಧ ದಿನ ಬರೆದರೆ ಸಾಕು, ತಪ್ಪು ಎಲ್ಲಿದೆ ಅನ್ನುವುದು ತಾನಾಗೇ ಕಾಣುತ್ತದೆ. ಒಂದೇ ಸೂಜಿಯಲ್ಲಿ ಕಟ್ ಆದರೆ ಆ ಸೂಜಿ, ಆ ದಾರ ಸುತ್ತಿರುವ ಕೋನ್, ಆ ದಾರ ಬರುವ ದಾರಿ ನೋಡು. ಎಲ್ಲಾ ಸೂಜಿಯಲ್ಲೂ ಆದರೆ ಎಲ್ಲಕ್ಕೂ ಸೇರಿದ್ದನ್ನು ನೋಡಬೇಕು, ಅಂದರೆ ಕೆಳಗೆ ತಿರುಗುತ್ತಾ ಮೇಲಿನ ದಾರದ ಕುಣಿಕೆ ಹಿಡಿಯುವ ರೋಟರಿ ಹುಕ್, ಕೆಳಗಿನ ದಾರದ ಬಾಬಿನ್ ಕೂರುವ ಬಾಬಿನ್ ಕೇಸ್, ಸೂಜಿ ಇಳಿಯುವ ಪ್ಲೇಟ್. ಯಾವ ಸೂಜಿ ಹಾಕಿದರೂ ಡಿಸೈನಿನ ಅದೇ ಎಲೆ, ಅದೇ ಮೂಲೆಯಲ್ಲಿ ಕಟ್ ಆದರೆ ಮೆಷಿನ್ ಬಿಟ್ಟುಬಿಡು. ಅಲ್ಲಿ ಹೊಲಿಗೆ ಒತ್ತೊತ್ತಾಗಿ ಬಿದ್ದಿದೆ, ಇಲ್ಲವೇ ತೀರಾ ಚಿಕ್ಕದಾಗಿದೆ. ಪಂಚಿಂಗ್ ಮಾಡಿದವರ, ಅಂದರೆ ಡಿಸೈನನ್ನು ಮೆಷಿನ್ ಫೈಲ್ ಮಾಡಿಕೊಟ್ಟವರ ಹತ್ತಿರ ಸರಿ ಮಾಡಿಸು. 40 ನಂಬರ್ ದಪ್ಪದ ದಾರಕ್ಕೆ ಹೊಲಿಗೆ ಸಾಲುಗಳ ನಡುವಿನ ಅಂತರ ಸಾಮಾನ್ಯವಾಗಿ 0.4 ಮಿ.ಮೀ. ಇರುತ್ತದೆ.

ತುದಿಯನ್ನು ಬೆಳಕಿಗೆ ಹಿಡಿದು ನೋಡು. ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಚೊಕ್ಕವಾಗಿದ್ದರೆ ಬಿಗಿ ಜಾಸ್ತಿಯಾಗಿದೆ, ಅಥವಾ ದಾರ ಕೋನ್ ಬುಡದಲ್ಲಿ ಸಿಕ್ಕಿಕೊಂಡಿದೆ. ನಾರು ನಾರಾಗಿ ಬಿಚ್ಚಿಕೊಂಡಿದ್ದರೆ ಎಲ್ಲೋ ಉಜ್ಜುತ್ತಿದೆ. ಸೂಜಿಯ ಕಣ್ಣು, ಪ್ಲೇಟಿನ ತೂತು, ಹುಕ್ಕಿನ ಚೂಪು ತುದಿ, ಈ ಮೂರರಲ್ಲಿ ಒಂದು.

ಎಲ್ಲದಕ್ಕಿಂತ ಮೊದಲು ಸೂಜಿ ಬದಲಾಯಿಸು. ಅದೇ ಅಗ್ಗದ ರಿಪೇರಿ. 40 ನಂಬರ್ ದಾರಕ್ಕೆ 75/11 ಸೈಜಿನ ಸೂಜಿ. ಪೂರ್ತಿ ಮೇಲಕ್ಕೆ ಒತ್ತಿ ಸ್ಕ್ರೂ ಬಿಗಿ ಮಾಡು. ಸೂಜಿಯ ಮೈಮೇಲಿನ ಉದ್ದ ಗೀರು ಮುಂದೆ ಬರಬೇಕು, ಕಣ್ಣಿನ ಹತ್ತಿರದ ತಗ್ಗು ಹಿಂದಕ್ಕೆ. ತೆಗೆದ ಸೂಜಿಯ ಮೇಲೆ ಉಗುರನ್ನು ಮೆಲ್ಲಗೆ ಕೆಳಗಿನ ತನಕ ಎಳೆ. ತುದಿಯಲ್ಲಿ ಉಗುರು ತಡೆದರೆ ಮೊನೆ ಹೋಗಿದೆ.

ಇನ್ನು ಗೂಡು ಕಟ್ಟುವುದು. ಅದು ಕಾಣುವುದು ಕೆಳಗೆ, ತಪ್ಪು ಸಾಮಾನ್ಯವಾಗಿ ಮೇಲಿರುತ್ತದೆ. ಮೇಲಿನ ದಾರ ಟೆನ್ಷನ್ ತಟ್ಟೆಗಳ ಮಧ್ಯ ಕೂತಿಲ್ಲ, ಇಲ್ಲವೇ ದಾರವನ್ನು ಮೇಲೆ ಕೆಳಗೆ ಎಳೆಯುವ ಟೇಕಪ್ ಲಿವರ್‌ನ ತೂತಿನಲ್ಲಿ ಹೋಗಿಲ್ಲ. ಕೋನ್‌ನಿಂದ ಶುರು ಮಾಡಿ ಪೂರ್ತಿ ಹೊಸದಾಗಿ ಪೋಣಿಸು. ಗೂಡು ಕಟ್ಟಿದಾಗ ಬಟ್ಟೆ ಬಿಗಿದಿರುವ ಫ್ರೇಮ್ ಹಿಡಿದು ಎಳೆಯಬೇಡ, ಬಟ್ಟೆ ಹರಿದೀತು. ಪ್ಲೇಟಿಗೂ ಬಟ್ಟೆಗೂ ನಡುವೆ ಚಿಕ್ಕ ಕತ್ತರಿ ತೂರಿಸಿ ಸ್ವಲ್ಪ ಸ್ವಲ್ಪವೇ ಕತ್ತರಿಸು.

ಬಾಬಿನ್ ಕೇಸ್‌ಗೆ ಒಂದು ಹಳೇ ಮದುವೆ ಕಾರ್ಡ್ ಸಾಕು. ಅದರ ಮೂಲೆಯನ್ನು ಕೇಸಿನ ಮೇಲಿರುವ ತೆಳು ಪಟ್ಟಿಯ ಅಡಿಗೆ ತೂರಿಸಿ ಎಳೆದರೆ ಬೂದು ಬಣ್ಣದ ದೂಳು ಉಂಡೆ ಉಂಡೆಯಾಗಿ ಬರುತ್ತದೆ. ಅಷ್ಟು ದೂಳಿದ್ದರೆ ಟೆನ್ಷನ್ ಹೇಗೆ ನಿಲ್ಲುತ್ತದೆ, ಹೇಳು? ಆಮೇಲೆ ದಾರದ ತುದಿ ಹಿಡಿದು ಕೇಸನ್ನು ನೇತಾಡಿಸು. ಸುಮ್ಮನಿದ್ದಾಗ ಇಳಿಯಬಾರದು. ಕೈಯನ್ನು ಸಣ್ಣಗೆ ಕುಲುಕಿದರೆ ಒಂದೆರಡು ಇಂಚು ಇಳಿದು ನಿಲ್ಲಬೇಕು. ಹುಕ್ಕಿಗೆ ದಿನಾ ಒಂದು ಹನಿ ಮೆಷಿನ್ ಎಣ್ಣೆ ಬಿಡು, ಬಿಟ್ಟ ಮೇಲೆ ಚಿಂದಿ ಬಟ್ಟೆ ಮೇಲೆ ಒಮ್ಮೆ ಓಡಿಸು.

ಇಷ್ಟೆಲ್ಲ ಆದಮೇಲೆ ನಾಬ್. ಅಗಲದ ಒಂದು ಸ್ಯಾಟಿನ್ ಹೊಲಿಗೆಯ (ಒತ್ತೊತ್ತಾದ ಅಡ್ಡ ಹೊಲಿಗೆ) ಪಟ್ಟಿ ಹೊಲಿದು ಬಟ್ಟೆ ತಿರುಗಿಸಿ ನೋಡು. ಹಿಂದೆ ಮೂರರಲ್ಲಿ ಒಂದು ಭಾಗ ಬಿಳಿ ಬಾಬಿನ್ ದಾರ ಮಧ್ಯದಲ್ಲಿ ಕಾಣಬೇಕು. ಬಿಳಿ ಕಾಣದಿದ್ದರೆ ಮೇಲೆ ಸಡಿಲ. ಬರೀ ಬಿಳಿ ಕಂಡರೆ ಮೇಲೆ ಬಿಗಿ.

ಸಕಲೇಶಪುರದಿಂದ

ಅಕ್ಕ ಹೇಳಿದ್ದೆಲ್ಲ ಸರಿ. ನಮ್ಮ ಕಡೆ ಜೋರು ಮಳೆಯ ತೊಂದರೆ ಒಂದಿದೆ ಮೇಡಂ, ಅದನ್ನು ಸೇರಿಸುತ್ತೇನೆ. ರೇಯಾನ್ ದಾರ ತೇವ ಹೀರುತ್ತದೆ, ತೇವ ಕುಡಿದಾಗ ಅದರ ಶಕ್ತಿ ಕಡಿಮೆಯಾಗುತ್ತದೆ. ಜುಲೈನಲ್ಲಿ ಕೋನ್‌ಗಳನ್ನು ಸುಮ್ನೆ ಸ್ಟ್ಯಾಂಡ್ ಮೇಲೆ ಬಿಟ್ಟು ಮನೆಗೆ ಹೋಗುತ್ತಿದ್ದೆ. ಬೆಳಿಗ್ಗೆ ಬಂದು ಓಡಿಸಿದರೆ ಪಟ ಪಟ ಕಟ್. ಈಗ ರಾತ್ರಿ ಮುಚ್ಚಳದ ಡಬ್ಬಿಗೆ ಹಾಕಿ ಸಿಲಿಕಾ ಜೆಲ್ ಪೊಟ್ಟಣ ಇಡುತ್ತೇನೆ. ಶಾಲೆ ಯೂನಿಫಾರ್ಮ್ ಲೋಗೋಗೆಲ್ಲ ಪಾಲಿಯೆಸ್ಟರ್ ದಾರವೇ ಹಾಕುತ್ತೇನೆ. ಕಿಟಕಿ ಬಿಸಿಲಿಗೆ ವರ್ಷಗಟ್ಟಲೆ ಇಟ್ಟ ಕೋನ್ ಕೂಡ ಹಾಳು. ಒಂದು ಅಡಿ ಬಿಚ್ಚಿ ಎರಡೂ ಕೈಯಲ್ಲಿ ಎಳೆದು ನೋಡಿ, ಹೊಸ ಕೋನ್‌ನ ದಾರವನ್ನೂ ಹಾಗೇ ಎಳೆಯಿರಿ. ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಫ್ರೇಮಿನಲ್ಲಿ ಬಟ್ಟೆ ಸಡಿಲವಿದ್ದರೂ ದಾರ ಕಟ್ ಆಗುತ್ತದೆ. ಸೂಜಿ ಮೇಲೇಳುವಾಗ ಬಟ್ಟೆಯೂ ಜೊತೆಗೇ ಏಳುತ್ತದೆ, ಹುಕ್ಕಿಗೆ ಕುಣಿಕೆ ಸಿಗುವುದಿಲ್ಲ. ಬ್ಲೌಸ್ ಬಟ್ಟೆಯನ್ನು ಬೆರಳಲ್ಲಿ ತಟ್ಟಿದರೆ ತಮಟೆ ಹಾಗೆ ಸದ್ದು ಬರಬೇಕು. ಟೀ ಶರ್ಟ್ ಮಾತ್ರ ಎಳೆಯಬೇಡಿ, ಅದಕ್ಕೆ ಬಟ್ಟೆಯ ಅಡಿಗೆ ಹಾಕುವ ಪೇಪರ್ ಗಟ್ಟಿಯಿದ್ದರೆ ಸಾಕು.

ಚಿಕ್ಕಮಗಳೂರಿನಿಂದ

ಮದುವೆ ಬ್ಲೌಸ್ ಅಂದಿರಿ, ಜರಿ ದಾರ ಇದ್ದೇ ಇರುತ್ತದೆ ಅಲ್ವಾ? ಜರಿಗೆ ಬೇರೆಯದೇ ಲೆಕ್ಕ. ಒಳಗಿನ ನೂಲಿಗೆ ಹೊಳೆಯುವ ತೆಳು ಪಟ್ಟಿ ಸುತ್ತಿರುತ್ತಾರೆ. ಚಿಕ್ಕ ಕಣ್ಣಿನಲ್ಲಿ ಆ ಪಟ್ಟಿ ಸುಲಿದುಹೋಗುತ್ತದೆ. ಕಣ್ಣು ದೊಡ್ಡದಿರುವ 90/14 ಸೂಜಿ ಹಾಕಿ, ಮೇಲಿನ ಟೆನ್ಷನ್ ಸ್ವಲ್ಪ ಸಡಿಲಿಸಿ, ಸ್ಪೀಡನ್ನು ನಿಮಿಷಕ್ಕೆ 500-600 ಹೊಲಿಗೆಗೆ ಇಳಿಸಿ. ಕೋನ್‌ಗೆ ಬಲೆ ತೊಡಿಸಿದರೆ ದಾರ ಒಂದೇ ಸಲ ಜಾರಿ ಮುರಿ ಬೀಳುವುದಿಲ್ಲ. ಗಡಿಬಿಡಿಯಲ್ಲಿ ನಾನು 850ರಲ್ಲಿ ಓಡಿಸಿ ಒಂದು ರಾ ಸಿಲ್ಕ್ ತೋಳನ್ನೇ ಹಾಳು ಮಾಡಿದ್ದೇನೆ. ಬಟ್ಟೆ ತಂದವರ ಮುಖ ಇನ್ನೂ ಕಣ್ಣ ಮುಂದಿದೆ.

ಇನ್ನೊಂದು, ದಾರ ಕಟ್ ಆಗದೆಯೇ ಕಟ್ ಅಂತ ಮೆಷಿನ್ ನಿಂತರೆ, ದಾರ ಕಟ್ ಆದದ್ದನ್ನು ಗುರುತಿಸುವ ಸೆನ್ಸರ್ ಚಕ್ರ ನೋಡಿ. ದಾರ ಅದರ ಮೇಲೆ ಸರಿಯಾಗಿ ಸುತ್ತಿರುವುದಿಲ್ಲ, ಇಲ್ಲವೇ ದೂಳು ಕೂತು ಚಕ್ರ ತಿರುಗುತ್ತಿರುವುದಿಲ್ಲ.

ನಾಲ್ಕು ದಿನದ ನಂತರ, ಅರಸೀಕೆರೆಯಿಂದ

ಅಕ್ಕ, ಬರೆದೆ. ಎರಡು ದಿನದಲ್ಲಿ 27 ಸಲ ಕಟ್. ಹನ್ನೊಂದು ಬೇರೆ ಬೇರೆ ಸೂಜಿ, ಡಿಸೈನಿನಲ್ಲಿ ಜಾಗವೂ ಬೇರೆ ಬೇರೆ, ತುದಿ ಮಾತ್ರ ಎಲ್ಲವೂ ನಾರು ನಾರು. ಸೂಜಿ ಬದಲಾಯಿಸಿದ ಮೇಲೂ ಹಾಗೇ. ಆಗ ನೆನಪಾಯಿತು, ತೊಂದರೆ ಶುರುವಾಗುವ ಹಿಂದಿನ ದಿನ ಫ್ರೇಮಿಗೆ ಬಡಿದು ಒಂದು ಸೂಜಿ ಮುರಿದಿತ್ತು. ಪ್ಲೇಟ್ ಬಿಚ್ಚಿ ಮೊಬೈಲ್ ಟಾರ್ಚ್ ಹಿಡಿದೆ. ತೂತಿನ ಅಂಚಿನಲ್ಲಿ ಕೂದಲೆಳೆಯಷ್ಟು ಗೀರು. ಮೆಕ್ಯಾನಿಕ್ ನುಣುಪು ಎಮೆರಿ ಪೇಪರನ್ನು ಸುರುಳಿ ಸುತ್ತಿ ಅದರೊಳಗೆ ಆಡಿಸಿದರು, ಹತ್ತು ನಿಮಿಷ. ಗೂಡು ಕಟ್ಟುತ್ತಿದ್ದದ್ದು 9ನೇ ಸೂಜಿ ಒಂದೇ. ಟೇಕಪ್ ಲಿವರ್‌ಗೆ ದಾರವನ್ನೇ ಪೋಣಿಸಿರಲಿಲ್ಲ ನಾನು. ಮಳೆ ಬಂದರೆ ಅಂತ ಡಬ್ಬಿಯನ್ನೂ ತಂದಿಟ್ಟಿದ್ದೇನೆ ಅಣ್ಣ. ಐದು ಬ್ಲೌಸ್ ಕೊಟ್ಟಾಯಿತು. ಆರನೆಯದು ಜರಿಯದ್ದು, ಈಗ ಫ್ರೇಮಿನಲ್ಲಿದೆ, ಸ್ಪೀಡ್ 550. ಪಕ್ಕದಲ್ಲೇ ಕೂತಿದ್ದೇನೆ, ಇನ್ನೂ ಒಂದು ಸಲವೂ ನಿಂತಿಲ್ಲ.