ಮಣ್ಣಿನ ವಿಜ್ಞಾನವನ್ನು ಕಲೆಯ ಮೂಲಕ ತಲುಪಿಸುವುದು ಹೇಗೆ? ಅನುಭವ ಹಂಚಿಕೊಳ್ಳಿ

ಕೇಳಿದವರು: ಕೊಥ್ರೂಡ್, ಪುಣೆ

ನಮ್ಮ ಕನ್ನಡ ಬಳಗದ ವತಿಯಿಂದ ಡಿಸೆಂಬರ್ 5ರ ವಿಶ್ವ ಮಣ್ಣು ದಿನಕ್ಕೆ ಒಂದು ಪ್ರದರ್ಶನ ಏರ್ಪಡಿಸಬೇಕೆಂದಿದ್ದೇವೆ. ಭಿತ್ತಿಪತ್ರ ತೂಗುಹಾಕಿ ಭಾಷಣ ಮಾಡಿಸುವ ಬದಲು, ಬಂದವರು ಕೈಯಾರೆ ಮಾಡಿ ನೋಡುವಂಥ ಕಲಾಕೃತಿಗಳನ್ನು ಇಡಬೇಕೆಂಬುದು ಆಸೆ. ಶಾಲಾಮಕ್ಕಳಿಂದ ಹಿಡಿದು ನಿವೃತ್ತರವರೆಗೆ ಎಲ್ಲರೂ ಬರುತ್ತಾರೆ, ಕೈಯಲ್ಲಿರುವ ಹಣ ಕಡಿಮೆ. ಜನ ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ, ಮಣ್ಣಿನ ವಿಚಾರ ಮನಸ್ಸಿಗೆ ಇಳಿಯುವುದೇ ಇಲ್ಲ ಎಂಬ ಆತಂಕ ನನ್ನದು. ಇಂಥ ಕೆಲಸ ಮಾಡಿದವರು ದಯವಿಟ್ಟು ತಿಳಿಸಬೇಕು.

ಡೊಂಬಿವಿಲಿಯಿಂದ

ನಮಸ್ಕಾರ ಮೇಡಂ. ಕಲಾವಿದ ಗೆಳೆಯರೊಂದಿಗೆ ಸೇರಿ ಮುಂಬಯಿ ಉಪನಗರಗಳ ಶಾಲೆಗಳಲ್ಲಿ, ಸಂಘಗಳ ಸಭಾಂಗಣಗಳಲ್ಲಿ ಇಂಥ ಪ್ರದರ್ಶನಗಳನ್ನು ನಡೆಸಿಕೊಂಡು ಬಂದಿರುವ ನನಗೆ ಗಟ್ಟಿಯಾಗಿ ಅನ್ನಿಸಿರುವ ಮಾತು ಒಂದಿದೆ. ನೋಡುಗರ ಕೈ ಏನಾದರೂ ಒಂದು ಕೆಲಸ ಮಾಡಬೇಕು, ಅದಕ್ಕೆ ಉತ್ತರವನ್ನು ಮಣ್ಣೇ ಕೊಡಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ ರೂಪುಗೊಂಡ, ಮರಳನ್ನು ಕೈಯಿಂದ ಗುಡ್ಡೆ ಮಾಡಿದಂತೆಲ್ಲ ಪ್ರೊಜೆಕ್ಟರಿನ ಬಣ್ಣದ ರೇಖೆಗಳು ಬದಲಾಗುವ ಮರಳುಪೆಟ್ಟಿಗೆಯನ್ನು ತಾವು ಕೇಳಿರಬಹುದು. ಬೆಟ್ಟ, ಕಣಿವೆ, ನೀರು ಹರಿಯುವ ದಾರಿಗಳನ್ನು ತೋರಿಸಲು ಅದು ಬಹಳ ಚೆನ್ನಾಗಿದೆ. ಆದರೆ ಅಲ್ಲಿ ಉತ್ತರಿಸುವುದು ಬೆಳಕು, ಮಣ್ಣಿನ ಗುಣ ಅದರಲ್ಲಿ ಕಾಣುವುದಿಲ್ಲ. ಖರ್ಚೂ ಹೆಚ್ಚು.

ಅದರ ಬದಲು ಎರಡು ಹೆಂಟೆಗಳಿಂದ ಆರಂಭಿಸಿ. ಒಂದು, ಪ್ರತಿ ವರ್ಷ ಉಳುಮೆ ಕಾಣುವ ಎರೆಹೊಲದ್ದು. ಇನ್ನೊಂದು, ಅದೇ ಹೊಲದ ಬದುವಿನಲ್ಲಿ ಹುಲ್ಲಿನ ಬೇರಿನ ನಡುವಿನದು. ಎರಡನ್ನೂ ನೆರಳಿನಲ್ಲಿ ಚೆನ್ನಾಗಿ ಒಣಗಿಸಿ. ನೀರು ತುಂಬಿದ ಎರಡು ಗಾಜಿನ ಜಾಡಿಗಳ ಬಾಯಿಯೊಳಕ್ಕೆ ತಂತಿಬಲೆಯ ತುಂಡನ್ನು ಬಗ್ಗಿಸಿ ಕೂರಿಸಿ, ಬಂದವರ ಕೈಯಿಂದಲೇ ಹೆಂಟೆಗಳನ್ನು ಅದರ ಮೇಲೆ ಇಡಿಸಿ. ಉಳುಮೆಯ ಹೆಂಟೆಯಿಂದ ಮೊದಲು ಗಾಳಿಯ ಗುಳ್ಳೆಗಳು ಏಳುತ್ತವೆ, ಅಂಚು ಉದುರುತ್ತದೆ, ನೋಡುನೋಡುತ್ತಿದ್ದಂತೆ ಇಡೀ ಹೆಂಟೆ ಬಲೆಯಿಂದ ಜಾರಿ ತಳ ಸೇರಿ ನೀರು ಬಗ್ಗಡವಾಗುತ್ತದೆ. ಬದುವಿನ ಹೆಂಟೆ ನೀರು ಕುಡಿದು ಹಾಗೆಯೇ ಕುಳಿತಿರುತ್ತದೆ. ನೀರು ನುಗ್ಗಿದಾಗ ಒಳಗೆ ಸಿಕ್ಕಿಕೊಂಡ ಗಾಳಿಯ ಒತ್ತಡ ಹೆಂಟೆಯನ್ನು ಒಡೆಯುತ್ತದೆ. ಸಣ್ಣ ಬೇರುಗಳು, ಶಿಲೀಂಧ್ರದ ಎಳೆಗಳು, ಸೂಕ್ಷ್ಮಜೀವಿಗಳು ಸ್ರವಿಸುವ ಅಂಟು ಬದುವಿನ ಹೆಂಟೆಯನ್ನು ಒಡೆಯದಂತೆ ಹಿಡಿದಿಡುತ್ತವೆ. ಮಳೆಗಾಲದಲ್ಲಿ ಪುಣೆಯ ಮುಳಾ-ಮುಠಾ ನದಿ ಕಂದುಬಣ್ಣಕ್ಕೆ ತಿರುಗುವುದೇಕೆಂದು ಅಲ್ಲಿ ಬಿಡಿಸಿ ಹೇಳುವ ಅಗತ್ಯವೇ ಬರುವುದಿಲ್ಲ, ಅವರೇ ಹೇಳುತ್ತಾರೆ.

ತಮ್ಮ ಆತಂಕಕ್ಕೆ ಉತ್ತರವನ್ನೂ ಇದರಲ್ಲಿಯೇ ಸೇರಿಸಬಹುದು. ಹೆಂಟೆ ಇಡುವ ಮೊದಲು "ಯಾವುದು ಮೊದಲು ಒಡೆಯುತ್ತದೆ?" ಎಂದು ಕೇಳಿ, ಉತ್ತರವನ್ನು ಕೆಸರು ಹಚ್ಚಿದ ಹೆಬ್ಬೆರಳಿನಿಂದ ಆಯಾ ಜಾಡಿಯ ಹಿಂದೆ ಕಟ್ಟಿದ ಬಿಳಿ ಬಟ್ಟೆಯ ಮೇಲೆ ಒತ್ತಿಸಿ. ಗುರುತುಗಳು ಕೂಡುತ್ತ ಹೋದಂತೆ ಬಟ್ಟೆಯೇ ಚಿತ್ರವಾಗುತ್ತದೆ, ಜನ ಏನನ್ನು ನಂಬಿಕೊಂಡು ಬಂದಿದ್ದರೆಂಬ ದಾಖಲೆಯೂ ತಮಗೆ ಸಿಗುತ್ತದೆ. ಊಹಿಸಿ ಗುರುತು ಒತ್ತಿದವರು ಫಲಿತಾಂಶ ನೋಡದೆ ಕದಲುವುದಿಲ್ಲ. ಪ್ರತಿ ಗುಂಪಿಗೂ ಹೊಸ ನೀರು, ಹೊಸ ಹೆಂಟೆ ಇರಲಿ. ಕಲಕಿದ ಜಾಡಿ ಮುಂದಿನವರ ಕಣ್ಣಿಗೆ ಬಿದ್ದರೆ ಊಹೆಗೆ ಅರ್ಥವಿರುವುದಿಲ್ಲ.

ಎರಡನೆಯದು, ಕೊಂಕಣ ತೀರದಿಂದ ಘಟ್ಟ ಹತ್ತಿ ಪುಣೆ ದಾಟಿ ಸೊಲ್ಲಾಪುರದವರೆಗಿನ ನೆಲದ ಏರಿಳಿತವನ್ನು ಉದ್ದನೆಯ ಬಟ್ಟೆಯ ಮೇಲೆ ಗೆರೆಯಲ್ಲಿ ಬರೆದಿಟ್ಟು, ಆಯಾ ಊರಿನ ಮಣ್ಣನ್ನೇ ಬಣ್ಣವಾಗಿ ತುಂಬಿಸುವುದು. ಮಣ್ಣನ್ನು ನಯವಾಗಿ ಜರಡಿ ಹಿಡಿದು, ನೀರಿನಲ್ಲಿ ನೆನೆಸಿದ ಜಾಲಿಯ ಅಂಟು ಬೆರೆಸಿದರೆ ಕುಂಚಕ್ಕೆ ಹತ್ತುತ್ತದೆ. ಒಂದೊಂದು ಊರಿನದು ಒಂದು ಹಿಡಿ ಸಾಕು, ಗುಡ್ಡ ಅಗೆಯಬೇಡಿ. ಮಹಾಬಳೇಶ್ವರದ ಕೆಂಪು ಜಂಬಿಟ್ಟಿಗೆಗೂ ಸೊಲ್ಲಾಪುರದ ಎರೆಮಣ್ಣಿಗೂ ಮೂಲ ಒಂದೇ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಗಟ್ಟಿಯಾಗಿ ಆದ ಬಸಾಲ್ಟ್ ಶಿಲೆ. ವರ್ಷಕ್ಕೆ 5,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಕಡೆ ದೀರ್ಘಕಾಲದಲ್ಲಿ ಸುಣ್ಣ, ಸಿಲಿಕಾ ಮುಂತಾದವು ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದವು; 600 ಮಿಲಿಮೀಟರಿನ ಆಸುಪಾಸಿನ ಬಯಲಿನಲ್ಲಿ, ನೆನೆದರೆ ಉಬ್ಬಿ ಒಣಗಿದರೆ ಬಿರಿಯುವ ಜೇಡಿ ಬೆಳೆಯಿತು. ಕಪ್ಪು ಮಣ್ಣೆಂದರೆ ಗೊಬ್ಬರದಂಶ ತುಂಬಿರುವ ಮಣ್ಣೆಂದು ಹೆಚ್ಚಿನವರು ತಿಳಿದಿರುತ್ತಾರೆ. ಎರೆಮಣ್ಣಿನಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ಶೇಕಡ 1ಕ್ಕಿಂತ ಕಡಿಮೆ ಎಂಬುದನ್ನು ಕುಂಚ ಅವರ ಕೈಯಲ್ಲಿರುವಾಗಲೇ ಹೇಳಿಬಿಡಿ. ಹಳದಿ ಮಣ್ಣು ಸಿಕ್ಕಿದರೆ ಅರ್ಧವನ್ನು ಕಬ್ಬಿಣದ ಹಂಚಿನ ಮೇಲೆ ಹುರಿಯಿರಿ. ಅದರಲ್ಲಿರುವ ಗೊಯೆಥೈಟ್ ಎಂಬ ಕಬ್ಬಿಣದ ಖನಿಜ ನೀರು ಕಳೆದುಕೊಂಡು ಹೆಮಟೈಟ್ ಎಂಬ ಇನ್ನೊಂದು ಖನಿಜವಾಗಿ ಬಣ್ಣ ಕೆಂಪಾಗುತ್ತದೆ.

ವೃತ್ತಾಕಾರದ ಕಾಗದದ ಮೇಲೆ ಸಿಲ್ವರ್ ನೈಟ್ರೇಟಿನಿಂದ ಮಣ್ಣಿನ ಸಾರದ ಉಂಗುರ ಮೂಡಿಸುವ ಕ್ರೊಮ್ಯಾಟೋಗ್ರಫಿಯನ್ನು ಯಾರಾದರೂ ಸೂಚಿಸಿಯಾರು. ಅದು ಸುಂದರ, ನಿಜ. ಆದರೆ ಉಂಗುರ ನೋಡಿ ಮಣ್ಣಿನ ಆರೋಗ್ಯ ಹೇಳಲು ಸಾಕಷ್ಟು ಆಧಾರವಿಲ್ಲ, ಆ ರಾಸಾಯನಿಕ ಚರ್ಮಕ್ಕೂ ಒಳ್ಳೆಯದಲ್ಲ. ಮಕ್ಕಳಿರುವ ಕಡೆ ಬೇಡವೇ ಬೇಡ.

ಮಡಗಾಂವ್, ಗೋವೆಯಿಂದ

ಡೊಂಬಿವಿಲಿಯ ಹಿರಿಯರ ಮಾತನ್ನು ಪೂರ್ತಿ ಒಪ್ಪುತ್ತೇನೆ, ಇನ್ನೊಂದನ್ನು ಸೇರಿಸಬೇಕೆನಿಸಿತು. ಮಣ್ಣು ಕೊಡುವ ಉತ್ತರ ಸತ್ಯವಾಗಿಯೂ ಇರಬೇಕು. ನಾನು ಕುಮಟೆಯ ಕಡೆಯವನು, ಉಪ್ಪುನೀರು ನುಗ್ಗುವ ಗಜನಿ ಗದ್ದೆ ಮತ್ತು ಅಲ್ಲಿ ಬೆಳೆಯುವ ಕಗ್ಗ ಭತ್ತ ನೋಡುತ್ತ ಬೆಳೆದವನು. ಇಲ್ಲಿನ ಖಾಜನ್ ಗದ್ದೆಗಳೂ ಅಂಥವೇ. ಉಬ್ಬರದ ಮಟ್ಟಕ್ಕಿಂತ ತಗ್ಗಿನಲ್ಲಿರುವ ನೆಲಕ್ಕೆ ಒಡ್ಡು ಕಟ್ಟಿ, ಉಬ್ಬರದಲ್ಲಿ ತಾನಾಗಿ ಮುಚ್ಚಿ ಇಳಿತದಲ್ಲಿ ತಾನಾಗಿ ತೆರೆಯುವ ಮರದ ತೂಬು ಇಟ್ಟಿರುತ್ತಾರೆ. ಉಪ್ಪು ತಡೆಯುವ ಕೊರ್ಗುಟ್ ಭತ್ತ ಬೆಳೆಯುತ್ತಾರೆ.

ಇದನ್ನು ತಿಳಿಸಲು ನಾವು ಮಾಡಿದ್ದು ಸರಳವಾದ ದೀಪ. ತಳದಲ್ಲಿ ತೂತಿರುವ ಕುಂಡದ ಉಪ್ಪು ಕೆಸರಿನಲ್ಲಿ ಎರಡು ಮೊಳೆ ಊರಿ, 9 ವೋಲ್ಟಿನ ಬ್ಯಾಟರಿ, ಒಂದು ರೆಸಿಸ್ಟರ್, ಒಂದು ಎಲ್‌ಇಡಿ ಜೋಡಿಸಿದರೆ, ಉಪ್ಪಿನ ಅಯಾನುಗಳು (ವಿದ್ಯುದಂಶವುಳ್ಳ ಕಣಗಳು) ವಿದ್ಯುತ್ತನ್ನು ಸಾಗಿಸಿ ದೀಪ ಬೆಳಗುತ್ತದೆ. ಬಂದವರು ಲೋಟದಿಂದ ಸಿಹಿನೀರು ಹೊಯ್ಯುತ್ತಾರೆ. ನೀರು ಬಸಿದಂತೆಲ್ಲ ದೀಪ ಮಂಕಾಗುತ್ತದೆ. ಮುಂಗಾರಿನ ಮೊದಲ ಮಳೆಗಳು ಉಪ್ಪು ತೊಳೆದ ಮೇಲೆಯೇ ಭತ್ತಕ್ಕೆ ಇಳಿಯುವುದೇಕೆಂದು ಪಟ್ಟಣದ ಮಕ್ಕಳಿಗೆ ಕೂಡ ಇದರಿಂದ ಹೊಳೆಯುತ್ತದೆ. ಆದರೆ ದೀಪದ ಪ್ರಖರತೆ ತೇವದಿಂದಲೂ ಹೆಚ್ಚುತ್ತದೆ. ಒಣಮಣ್ಣಿನ ಕುಂಡವನ್ನೂ ಒದ್ದೆ ಕೆಸರಿನ ಕುಂಡವನ್ನೂ ಅಕ್ಕಪಕ್ಕ ಇಟ್ಟು ವ್ಯತ್ಯಾಸವೆಲ್ಲ ಉಪ್ಪಿನದೆಂದರೆ ಅದು ಸುಳ್ಳಾಗುತ್ತದೆ. ಹೋಲಿಸುವ ಕುಂಡಗಳೆಲ್ಲ ಸಮನಾಗಿ ನೆನೆದಿರಬೇಕು. ಮೊಳೆಗಳ ಆಳವೂ ಅಂತರವೂ ಒಂದೇ ಇರಬೇಕು. ಬೇಗ ಬಸಿಯಲೆಂದು ಕೆಸರಿಗೆ ಮರಳು ಬೆರೆಸಿದ್ದರೆ ಅದನ್ನು ಪಕ್ಕದಲ್ಲಿಯೇ ಬರೆದಿಡಬೇಕು.

ಕೊಥ್ರೂಡ್, ಪುಣೆ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಹೆಂಟೆ ಮತ್ತು ದೀಪ ಎರಡನ್ನೂ ಖಂಡಿತ ಮಾಡುತ್ತೇವೆ. ಪ್ರದರ್ಶನಕ್ಕೆ ಮೊದಲೇ ಮನೆಮನೆಯವರು ಪಾಲ್ಗೊಳ್ಳುವಂಥದ್ದು ಏನಾದರೂ ಇದೆಯೇ?

ಮಾಟುಂಗಾ, ಮುಂಬಯಿಯಿಂದ

ಇದೆ. ಒಂದೇ ಥಾನಿನ ಬಿಳಿ ಹತ್ತಿಬಟ್ಟೆಯ ಸಮಾನ ತುಂಡುಗಳನ್ನು ಅಕ್ಟೋಬರ್ ಆರಂಭದಲ್ಲಿಯೇ ಹಂಚಿ, ಪ್ರತಿ ಮನೆಯವರು ತಮ್ಮ ಕುಂಡದಲ್ಲಿ ಅಥವಾ ಸೊಸೈಟಿಯ ತೋಟದಲ್ಲಿ ಗೇಣುದ್ದ ಆಳಕ್ಕೆ ಹೂಳಲಿ. ಎರಡು ತಿಂಗಳ ನಂತರ ತೆಗೆದು, ಮೆಲ್ಲಗೆ ಕೊಡವಿ, ಎಲ್ಲವನ್ನೂ ಒಂದೇ ಹಗ್ಗಕ್ಕೆ ಸಾಲಾಗಿ ಕಟ್ಟಿ. ಹತ್ತಿಯೆಂದರೆ ಬಹುತೇಕ ಸೆಲ್ಯುಲೋಸ್, ಅಂದರೆ ಗಿಡಗಳ ನಾರಿನ ವಸ್ತು. ಅದನ್ನು ತಿನ್ನುವ ಜೀವಿಗಳು ಚುರುಕಾಗಿದ್ದ ಕಡೆ ಬಟ್ಟೆ ಜಾಲರಿಯಂತಾಗಿರುತ್ತದೆ, ಕೆಲವೆಡೆ ಹೊಲಿಗೆಯ ಪಾಲಿಯೆಸ್ಟರ್ ದಾರ ಮಾತ್ರ ಉಳಿದಿರುತ್ತದೆ. ತಮ್ಮ ಮನೆಯ ತುಂಡನ್ನು ಹುಡುಕಿಕೊಂಡು ಬಂದವರು ನೆರೆಮನೆಯದರ ಜೊತೆ ಹೋಲಿಸುತ್ತ ಬಹಳ ಹೊತ್ತು ನಿಲ್ಲುತ್ತಾರೆ. ನೀರು ಕಾಣದ ಕುಂಡದಲ್ಲಿ ಒಳ್ಳೆಯ ಮಣ್ಣಿದ್ದರೂ ಬಟ್ಟೆ ಕೊಳೆಯದು. ಆದ್ದರಿಂದ ಎಷ್ಟು ದಿನಕ್ಕೊಮ್ಮೆ ನೀರು ಹಾಕಿದರು, ಯಾವ ಗೊಬ್ಬರ ಕೊಟ್ಟರು ಎಂಬ ಚೀಟಿ ಪ್ರತಿ ತುಂಡಿನ ಜೊತೆ ಇರಲೇಬೇಕು.

ಬಗ್ಗಲಾಗದ ಹಿರಿಯರಿಗಾಗಿ ಜಾಡಿಗಳನ್ನು ಮೇಜಿನ ಎತ್ತರದಲ್ಲಿಡಿ. ಕೈಯಲ್ಲಿ ಗಾಯವಿದ್ದವರಿಗೆ ಕೈಗವಸು ಕೊಡಿ, ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿಯೇ ಇರುತ್ತದೆ. ಬಗ್ಗಡದ ನೀರನ್ನು ಸಭಾಂಗಣದ ಸಿಂಕಿಗೆ ಸುರಿದರೆ ಜೇಡಿ ಕಟ್ಟಿಕೊಳ್ಳುತ್ತದೆ. ಬಕೆಟಿನಲ್ಲಿ ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ಗಿಡಕ್ಕೆ ಹಾಕಿ, ತಳದ ಮಣ್ಣನ್ನು ತೋಟಕ್ಕೆ ಸೇರಿಸಿ. ಉಪ್ಪು ತೊಳೆದ ನೀರನ್ನು ಮಾತ್ರ ಗಿಡಗಳ ಹತ್ತಿರಕ್ಕೆ ಒಯ್ಯಬೇಡಿ.