‘ಸಂಗೀತಗಾರ’ ಅಂದರೆ ಬಡ್ತಿಯೋ ಹಿಂಬಡ್ತಿಯೋ? ‘ಹೇಳು’, ‘ಹಾಡು’ ಬಗ್ಗೆಯೂ ಒಂದು ಪ್ರಶ್ನೆ

ನಾನು ಶಿರಸಿ ಕಡೆಯವನು. ಹವ್ಯಾಸಕ್ಕೆ ಯಕ್ಷಗಾನದ ಭಾಗವತಿಕೆ, ಅಂದರೆ ಆಟದ ಕಥೆಯನ್ನು ಪದ್ಯಗಳಲ್ಲಿ ನಡೆಸುವ ಗಾಯನ, ಮಾಡುತ್ತೇನೆ. ಈಚೆಗೆ ಬೆಂಗಳೂರಿನ ಒಂದು ಶಾಲೆಯವರು ಏಳನೇ ಕ್ಲಾಸಿನ ಮಕ್ಕಳಿಗೆ ಆನ್‌ಲೈನಿನಲ್ಲಿ ಎರಡು ಪದ್ಯ ಕಲಿಸಿ ಎಂದು ಕರೆದರು. ಅವರ ಆಮಂತ್ರಣದಲ್ಲಿ ‘ಅತಿಥಿ ಸಂಗೀತಗಾರರಿಂದ ಗಾಯನ’ ಎಂದಿತ್ತು. ಪಕ್ಕದ ಮನೆಯ ಮದ್ದಲೆ ಮಾವ ಅದನ್ನು ನೋಡಿ, "ಎಂತದಾ, ನಿಂಗೆ ಹಿಂಬಡ್ತಿ ಆತಾ?" ಎಂದು ನಕ್ಕರು.

ನಗಲು ಕಾರಣವಿದೆ. ಮೇಳದಲ್ಲಿ ‘ಸಂಗೀತಗಾರ’ ಅಂದರೆ ಭಾಗವತರ ಕೈಕೆಳಗಿನ ಹಾಡುಗಾರ. ಮುಖ್ಯ ಕಥೆ ಶುರುವಾಗುವ ಮೊದಲು, ಪೂರ್ವರಂಗಕ್ಕೆ ಅವನದೇ ಪದ್ಯ. ಹಾಗೆ ಪಳಗಿ ಮುಂದೆ ಭಾಗವತ ಆಗಬೇಕು. ಪೇಟೆಯಲ್ಲಿ ಗೌರವದ ಮಾತು, ಮೇಳದಲ್ಲಿ ಮೊದಲ ಮೆಟ್ಟಿಲು. ‘ಭಾಗವತಿಕೆ’ ಎಂದೇ ಹಾಕಿ ಅಂದೆ. ಮಕ್ಕಳಿಗೆ ಅರ್ಥವಾಗುವುದಿಲ್ಲ ಅಂದರು. ಕಲಿಸಲು ಕರೆದಿದ್ದು ಅದನ್ನೇ ಅಲ್ವಾ!

ಪಾಠದ ದಿನ ಇನ್ನೊಂದು. "ಈಗ ಒಂದು ಪದ್ಯ ಹೇಳ್ತೇನೆ" ಅಂದೆ. ಒಬ್ಬ ಹುಡುಗಿ ಕೈ ಎತ್ತಿ, "ಸರ್, ಹಾಡ್ತಾರೆ ಅಂದಿದ್ರು. ನೀವು ಸುಮ್ನೆ ಓದ್ತೀರಾ?" ಎಂದು ಕೇಳಿದಳು. ನಮ್ಮಲ್ಲಿ ಭಾಗವತರು ಪದ್ಯ ಹಾಡುವುದಿಲ್ಲ, ಹೇಳುತ್ತಾರೆ. ಭಜನೆ ಹೇಳುತ್ತೇವೆ, ಹೆಂಗಸರು ಆರತಿ ಹಾಡು ಹೇಳುತ್ತಾರೆ. ಅದೇ ಊರಿನ ಹಿಂದೂಸ್ತಾನಿ ಬೈಠಕ್ಕಿನಿಂದ ಬಂದವರು ಮಾತ್ರ "ಚೆನ್ನಾಗಿ ಹಾಡಿದರು" ಅನ್ನುತ್ತಾರೆ. ‘ಖಯಾಲ್ ಹೇಳಿದರು’ ಅಂದವರನ್ನು ನಾನು ಕಂಡಿಲ್ಲ. ಕಥೆ, ಮಾತು ಮುಖ್ಯವಾದಲ್ಲಿ ‘ಹೇಳು’, ರಾಗವೇ ಮುಖ್ಯವಾದಲ್ಲಿ ‘ಹಾಡು’ ಎಂಬುದು ನನ್ನ ಊಹೆ. ಆರತಿ ಹಾಡು ಈ ಊಹೆಗೆ ಪೂರ್ತಿ ಒಗ್ಗುವುದಿಲ್ಲ, ಗೊತ್ತು.

ಆನ್‌ಲೈನಿನಲ್ಲಂತೂ ‘ಹೇಳು’ ಇನ್ನೂ ಸರಿ ಅನ್ನಿಸಿತು. ಮೊದಲು ಎಲ್ಲರ ಮೈಕ್ ಬಿಟ್ಟು ಒಟ್ಟಿಗೆ ಹಾಡಿಸಲು ಹೋದೆ. ನಲವತ್ತು ದನಿ, ಮೂಟೆ ಅಡಿಕೆ ಸುರುವಿದ ಹಾಗೆ. ಏಕತಾಳದ ಪೆಟ್ಟು ನನಗೆ ಒಂದು ಕಡೆ, ಅವರಿಗೆ ಒಂದು ಕಡೆ. ಜೊತೆಯಲ್ಲಿ ನುಡಿಸುವವರಿಗೆ ದನಿ ತಲುಪುವ ತಡ 30 ಮಿಲಿಸೆಕೆಂಡ್ ದಾಟಿದರೆ ಕಷ್ಟ ಶುರು. ಅಂದರೆ ಮದ್ದಲೆಯವರು ಹತ್ತು ಮೀಟರ್ ಆಚೆ ಕೂತಷ್ಟು. ವಿಡಿಯೊ ಕರೆಯಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಎಷ್ಟೋ ಜಾಸ್ತಿ ತಡ. ಸಾಲದ್ದಕ್ಕೆ ಆ್ಯಪ್ ನನ್ನ ಶ್ರುತಿಪೆಟ್ಟಿಗೆಯನ್ನು ಫ್ಯಾನಿನ ಸದ್ದು ಅಂದುಕೊಂಡು ನುಂಗಿಬಿಟ್ಟಿತ್ತು. ಸದ್ದು ಸೋಸುವ ಸೆಟ್ಟಿಂಗ್ ಆಫ್ ಮಾಡಿದ ಮೇಲೆ ಶ್ರುತಿ ಬಂತು. ಆಮೇಲೆ ಎಲ್ಲರನ್ನೂ ಮ್ಯೂಟ್ ಮಾಡಿ, ನಾನು ಒಂದು ಸಾಲು ಹೇಳಿ ತಾಳ ನಿಲ್ಲಿಸಿದೆ. ಒಬ್ಬೊಬ್ಬರೇ ಮೈಕ್ ತೆರೆದು ತಿರುಗಿ ಹೇಳಿದರು. ಹೇಳಿದೆ, ಹೇಳಿಕೊಟ್ಟೆ, ಹೇಳಿಸಿದೆ. ಎಲ್ಲಕ್ಕೂ ಒಂದೇ ಧಾತು! ‘ಹಾಡಿಕೊಟ್ಟೆ’ ಅಂದರೆ ಕಲಿಸಿದೆ ಅಂತ ಆಗುವುದಿಲ್ಲವಲ್ಲ.

ಬಲ್ಲವರು ತಿಳಿಸಿ. ಕುಮಟಾ, ಹೊನ್ನಾವರದ ಕಡೆ ಮೇಳಗಳಲ್ಲಿ ‘ಸಂಗೀತಗಾರ’ ಈಗಲೂ ಆ ಅರ್ಥದಲ್ಲೇ ಓಡುತ್ತಿದೆಯಾ? ಧಾರವಾಡ, ಮೈಸೂರು ಕಡೆ ‘ಹೇಳು’ ಅಂದರೆ ರಾಗವಾಗಿ ಹಾಡುವುದು ಎಂಬ ಬಳಕೆ ಇದೆಯಾ? ಶಾಲೆಯವರು ಮತ್ತೆ ಕರೆದಿದ್ದಾರೆ. ಈ ಸಲ ಆಮಂತ್ರಣದಲ್ಲಿ ಏನು ಹಾಕಬೇಕು ಎಂದು ನನ್ನನ್ನೇ ಕೇಳಿದ್ದಾರೆ.